ನನ್ನ ಪೋಸ್ಟಿಗೆ ನಾನೇ ಅನುವಾದಕ!

ಮಾನ್ಯರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ‘ಆಕ್ಷೇಪಾರ್ಹ ಪೋಸ್ಟ್: ವ್ಯಾಪಾರಿಯ ವಿಚಾರಣೆ’ ಅಂತ ಬಂತಲ್ಲ, ಆ ವ್ಯಾಪಾರಿ ನಾನೇ. ಪೋಸ್ಟಿನಲ್ಲಿ ಏನಿತ್ತು ಅಂತ ಮಾತ್ರ ಸುದ್ದಿಯಲ್ಲಿ ಬರಲಿಲ್ಲ. ನಾಲ್ಕೇ ಸಾಲು. ಕರಾವಳಿಯ ಬ್ಯಾರಿ ಮುಸ್ಲಿಮರಾದ ನಾವು ಮನೆಯಲ್ಲಿ ಮಾತಾಡುವ ಬ್ಯಾರಿ ಭಾಷೆ, ಕನ್ನಡ ಲಿಪಿ. ಓಟು ಕೇಳುವಾಗ ಬಿರಿಯಾನಿ ತಿಂದು ‘ನಾವು ನಿಮ್ಮವರೇ’ ಅನ್ನುವವರು ಗೆದ್ದ ಮೇಲೆ ನಮ್ಮ ಗಲ್ಲಿಯ ತೋಡಿನ (ಮಳೆನೀರು ಹರಿಯುವ ಕಾಲುವೆ) ಕಡೆ ತಲೆ ಹಾಕುವುದಿಲ್ಲ ಅಂತ ಬರೆದಿದ್ದೆ, ಅಷ್ಟೇ. ಯಾರೋ ಪುಣ್ಯಾತ್ಮ ಸ್ಕ್ರೀನ್‌ಶಾಟ್ ತೆಗೆದು, ಏನೋ ಗುಟ್ಟಿನ ಸಂದೇಶ ಉಂಟು ಅಂತ ದೂರು ಕೊಟ್ಟ.

ಎರಡು ದಿನ ಅಂಗಡಿ ಬಾಗಿಲು ಹಾಕಿದೆ. ಮಳೆಯಲ್ಲಿ ನೆನೆದು ಬಸ್ಸಲ್ಲಿ ಪೊಲೀಸ್ ಠಾಣೆಗೆ ಹೋದರೆ ಸಾಹೇಬರು ಇಲ್ಲ, ನಾಳೆ ಬನ್ನಿ. ಮರುದಿನ ಹೋದರೆ ಸಾಹೇಬರಿದ್ದಾರೆ, ಬ್ಯಾರಿ ಗೊತ್ತಿರುವವರು ಇಲ್ಲ. ಕೊನೆಗೆ ನನ್ನ ಪೋಸ್ಟನ್ನು ನಾನೇ ಕನ್ನಡಕ್ಕೆ ಅನುವಾದ ಮಾಡಿ, ನಾನೇ ಸಹಿ ಹಾಕಿ ಕೊಟ್ಟೆ ಮಾರಾಯ್ರೆ! ಇಂಥ ಪೋಸ್ಟಿಗೆಲ್ಲ ಕೇಸು ಹಾಕುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ತೆಗೆದುಹಾಕಿದೆ ಅಂತ ಮಗಳು ಹೇಳಿಕೊಟ್ಟಿದ್ದಳು. ಅದನ್ನು ಅಲ್ಲಿ ಹೇಳಿದ್ದಕ್ಕೆ ‘ಭಾರೀ ಕಾನೂನು ಗೊತ್ತುಂಟಲ್ಲ’ ಅಂದರು. ಮೊಬೈಲ್ ಇನ್ನೂ ಅವರ ಹತ್ತಿರವೇ ಇದೆ, ಗಿರಾಕಿ ಯುಪಿಐಯಲ್ಲಿ ದುಡ್ಡು ಹಾಕಿದರೋ ಇಲ್ಲವೋ ದೇವರಿಗೇ ಗೊತ್ತು.

2021ರಲ್ಲಿ ತುಳುವನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಮಾನ್ಯ ಭಾಷೆಗಳ ಪಟ್ಟಿಗೆ ಸೇರಿಸಿ ಅಂತ ಟ್ವಿಟರ್‌ನಲ್ಲಿ ಅಭಿಯಾನ ಆದಾಗ ನಾನೂ ಕೂತು ಸರ್ಕಾರಕ್ಕೆ ಚೆನ್ನಾಗಿ ಬೈದಿದ್ದೆ. ಆಗ ಎಲ್ಲರೂ ಬೆನ್ನು ತಟ್ಟಿದರು. ನನ್ನ ಭಾಷೆಯಲ್ಲಿ ನನ್ನ ತೋಡಿನ ಬಗ್ಗೆ ಬರೆದರೆ ಮಾತ್ರ ‘ನಿಮಗ್ಯಾಕೆ ರಾಜಕೀಯ’! ಬ್ಯಾರಿಗೆ 2009ರಿಂದ ಸರ್ಕಾರದ್ದೇ ಸಾಹಿತ್ಯ ಅಕಾಡೆಮಿ ಉಂಟಲ್ವಾ, ಕವಿಗೋಷ್ಠಿಗೆ ಆಗುವ ಭಾಷೆ ಫೇಸ್‌ಬುಕ್ಕಿಗೆ ಆಗುವುದಿಲ್ಲವೋ?

ಈ ಸರ್ಕಾರದವರ ವಿಷಯ ಹೊಸತೇನಲ್ಲ. 2019ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆಗೇ ಮೊಬೈಲ್ ಇಂಟರ್‌ನೆಟ್ ಬಂದ್ ಮಾಡಿ ಕೂತಿದ್ದರು. ಉಳ್ಳಾಲದ ಕಡಲ್ಕೊರೆತಕ್ಕೆ ಮಳೆಗಾಲ ಬಂದಾಗೆಲ್ಲ ಕಲ್ಲು ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ, ಕಲ್ಲು ಕಡಲಿಗೆ, ಬಿಲ್ಲು ಯಾರ ಕಿಸೆಗೋ. ಅದಕ್ಕೆ ವಿಚಾರಣೆ ಇಲ್ಲ.

ಠಾಣೆಗೆ ಬ್ಯಾರಿ ಬರುವ ಒಬ್ಬರನ್ನಾದರೂ ಹಾಕಿ. ಆಗದಿದ್ದರೆ ‘ಇಲ್ಲಿ ಬ್ಯಾರಿಯಲ್ಲಿ ಸಿಟ್ಟು ಮಾಡಬಾರದು’ ಅಂತ ಒಂದು ಬೋರ್ಡ್ ಹಾಕಿಬಿಡಿ, ನಾವು ಸುಮ್ನೆ ಇರುತ್ತೇವೆ. ಮೊಬೈಲ್ ವಾಪಸ್ ಕೊಡಿ. ಮತ್ತೆ ಆ ತೋಡು, ಇವತ್ತು ಬೆಳಿಗ್ಗೆಯೂ ಅಂಗಡಿಯೊಳಗೆ ಮೊಣಕಾಲುದ್ದ ನೀರು.

– ನೊಂದ ವ್ಯಾಪಾರಿ, ತೊಕ್ಕೊಟ್ಟು