ಯಂತ್ರ ಹಸಿರು ತೋರಿಸಿತು, ಚಕ್ರದ ಆರ್ಮ್ ಬಗ್ಗಿಯೇ ಇತ್ತು

ಮಾನ್ಯ ಸಂಪಾದಕರೇ,

ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುವ ಮೊದಲು ಒಂದಾದರೂ ಆಟ ನೋಡಬೇಕೆಂದು ಮೇ ಮೂರನೇ ವಾರ ನಾನೂ ಯಜಮಾನರೂ ಕಟಪಾಡಿ ಕಡೆ ಹೋಗಿದ್ದೆವು. ಸುರತ್ಕಲ್‌ಗೆ ಹಿಂತಿರುಗುವಾಗ ರಾತ್ರಿ ಒಂದು ಗಂಟೆ, ಗುಡುಗು ಮಳೆ ಆಗಷ್ಟೇ ಬಿಟ್ಟಿತ್ತು. ಕಾರು ಓಡಿಸುತ್ತಿದ್ದುದು ನಾನು. ಹೆದ್ದಾರಿ 66ರಲ್ಲಿ ಹಿಂದಿನಿಂದ ಮೀನಿನ ಲಾರಿಯೊಂದು ನೀರು ಚೆಲ್ಲುತ್ತಾ, ಲೈಟ್ ಹೊಡೆಯುತ್ತಾ ಬಂತು. ದಾರಿ ಬಿಡೋಣವೆಂದು ಎಡಕ್ಕೆ ಸರಿದೆ. ಸರ್ವಿಸ್ ರಸ್ತೆ ಕವಲೊಡೆಯುವಲ್ಲಿನ ಕಾಂಕ್ರೀಟ್ ಕಲ್ಲಿಗೆ ಎಡಗಡೆಯ ಮುಂಚಕ್ರ ದಡಾರನೆ ಬಡಿಯಿತು. ನಿದ್ದೆಯಲ್ಲಿದ್ದ ಯಜಮಾನರು "ಎಂತ, ಚೆಂಡೆಯಾ?" ಎಂದು ಎದ್ದು ಕೂತರು.

ಆ ಕಲ್ಲಿಗೆ ಒಂದು ಕಾಲದಲ್ಲಿ ಕಪ್ಪು-ಬಿಳಿ ಬಣ್ಣವಿತ್ತೆಂಬುದು ಮರುದಿನ ಹಗಲಲ್ಲಿ ನೋಡಿದಾಗಲೇ ಗೊತ್ತಾದದ್ದು. ಹೋದ ಮಳೆಗಾಲದ ಪಾಚಿ ಒಣಗಿ ಕಪ್ಪುಗಟ್ಟಿ, ಒದ್ದೆ ಡಾಂಬರಿನ ಬಣ್ಣಕ್ಕೆ ಸರಿಯಾಗಿ ಹೊಂದಿಕೊಂಡಿದೆ.

ಕಾರಿನ ಹೊರಗೆ ಕಂಡದ್ದು ವೀಲ್ ಕ್ಯಾಪಿನ ಒಂದು ಗೀರು ಮಾತ್ರ. ಸ್ಟೀರಿಂಗ್ ಮಾತ್ರ ಸ್ವಲ್ಪ ವಾರೆ ನಿಂತಿತ್ತು. ಚಕ್ರಗಳ ಕೋನ ಅಳೆದು ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿದೆ. ಪರದೆಯ ಮೇಲೆ ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎಂಬ ಸಾಲು ಕೆಂಪಿನಿಂದ ಹಸಿರಾಯಿತು, ಸ್ಟೀರಿಂಗ್ ನೆಟ್ಟಗಾಯಿತು. ಎಡ ಮುಂಚಕ್ರದ ಕ್ಯಾಂಬರ್ ಮಾತ್ರ ಕೆಂಪಾಗಿಯೇ ಉಳಿದಿತ್ತು, ಚಕ್ರದ ತಲೆ ಹೊರಕ್ಕೆ ವಾಲಿದೆ ಎಂದು. ಕೇಳಿದ್ದಕ್ಕೆ, "ಅದು ಈ ಗಾಡಿಗೆ ಅಡ್ಜಸ್ಟ್ ಬರುವುದಿಲ್ಲ ಮೇಡಂ, ತೊಂದರೆಯಿಲ್ಲ" ಅಂದರು.

ಮೂವತ್ತು ವರ್ಷ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವಳು ನಾನು. ಆ ಮಾತು ಕೇಳಿ ತಲೆಯಾಡಿಸಿ ಹಣ ಕೊಟ್ಟು ಬಂದೆನಲ್ಲ, ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ತಿರುಗಿಸಲು ಬೋಲ್ಟೇ ಇಲ್ಲದ ಕಡೆ ಕೋನ ಬದಲಾಗಿದೆ ಎಂದರೆ ಅರ್ಥವೇನು? ಏನೋ ಬಗ್ಗಿದೆ. ನಮ್ಮಲ್ಲಿನ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದೆ ತಿದ್ದಲು ಬರುವುದು ಟೋ ಒಂದೇ, ಅದೂ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತಿರುಗಿಸಿ. ಹಾಗಾಗಿ ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ಲೋವರ್ ಆರ್ಮ್ ಬಗ್ಗಿದ್ದರೂ ಟೈ ರಾಡ್ ಎಳೆದು ಸ್ಟೀರಿಂಗ್ ನೆಟ್ಟಗೆ ನಿಲ್ಲಿಸಬಹುದು. ಮುರಿದ ಕಾಲಿಗೆ ಹೊಸ ಚಪ್ಪಲಿ ಹಾಕಿದ ಹಾಗೆ.

ಹತ್ತು ದಿನ ಕಳೆದು ಉಡುಪಿಗೆ ಹೊರಟಾಗ ಗಂಟೆಗೆ 70 ಕಿಲೋಮೀಟರ್ ದಾಟಿದರೆ ಸಾಕು, ಸ್ಟೀರಿಂಗ್ ನಡುಗತೊಡಗಿತು. ಮೂಲ್ಕಿಯಲ್ಲಿ ಒಂದು ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದೆ. ಆ ಹುಡುಗ ಜಾಕ್ ಕೊಟ್ಟು, ಚಕ್ರ ಬಿಚ್ಚಿ ಬೋರಲು ಹಾಕಿದ. ಟೈರಿನ ಒಳಮೈಯಲ್ಲಿ, ಇಂಜಿನ್ ಕಡೆಗಿರುವ ಪಕ್ಕೆಯಲ್ಲಿ, ಅರ್ಧ ಲಿಂಬೆಹಣ್ಣು ಅಂಟಿಸಿದಂತೆ ಉಬ್ಬು. ರಿಮ್ಮಿನ ಒಳಅಂಚೂ ಅಲ್ಲೇ ಒಳಕ್ಕೆ ಮಡಚಿತ್ತು. ನಡುಕ ಅದರದ್ದು, ಅಲೈನ್‌ಮೆಂಟಿನದ್ದಲ್ಲ. ಗಾಳಿ ಒಂದಿಷ್ಟೂ ಇಳಿದಿರಲಿಲ್ಲ. ಉಬ್ಬಿದ ಜಾಗದಲ್ಲಿ ಒಳಗಿನ ನೂಲು ಕಡಿದಿರುತ್ತದೆ, ಗಾಳಿಯನ್ನು ತಡೆದು ನಿಲ್ಲಿಸಿರುವುದು ಬರೀ ರಬ್ಬರು. ಅದಕ್ಕೆ ಪ್ಯಾಚ್ ಇಲ್ಲ, ಟೈರನ್ನೇ ಎಸೆಯಬೇಕು. ಹತ್ತು ದಿನ ಅದರ ಮೇಲೆಯೇ ಮೊಮ್ಮಗಳನ್ನು ಕೂರಿಸಿಕೊಂಡು ಓಡಾಡಿದ್ದೆ.

ಹುಡುಗ ಸ್ಟೆಪ್ನಿ ಹಾಕಿ ಕಾರು ಇಳಿಸಿದ. ಬೆರಳಿಟ್ಟು ತೋರಿಸಿದ: ಬಲಗಡೆ ಚಕ್ರಕ್ಕೂ ಅದರ ಹಿಂದಿನ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳು ಸಲೀಸಾಗಿ ಹೋಗುತ್ತದೆ, ಎಡಗಡೆ ಎರಡೇ. ಮನೆಗೆ ಬಂದು ಸ್ಟೀರಿಂಗ್ ನೆಟ್ಟಗಿಟ್ಟು, ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಟೇಪ್ ಹಿಡಿದೆ. ನಮ್ಮ ಕಾರಿನಲ್ಲಿ ಎರಡೂ ಬದಿ ಸಮ ಇರಬೇಕಾದ ಅಳತೆ. ಎಡಗಡೆ 12 ಮಿಲಿಮೀಟರ್ ಕಡಿಮೆ! ಗ್ಯಾರೇಜಿನಲ್ಲಿ ಬಿಚ್ಚಿದಾಗ ಲೋವರ್ ಆರ್ಮ್ ಬಗ್ಗಿತ್ತು, ಅದರ ರಬ್ಬರ್ ಬುಷ್ ಹರಿದಿತ್ತು.

ವಿಮೆಯದು ಇನ್ನೊಂದು ಪಾಠ. ಸಾಮಾನ್ಯ ಪಾಲಿಸಿಯಲ್ಲಿ ಟೈರ್ ಒಂದೇ ಹಾಳಾದರೆ ಏನೂ ಸಿಗದು. ಅದೇ ಏಟಿಗೆ ಗಾಡಿಯ ಬೇರೆ ಭಾಗವೂ ಕೆಟ್ಟಿದ್ದರೆ ಟೈರಿನ ಅರ್ಧ ಬೆಲೆ ಸಿಗುತ್ತದೆ. ಆದರೆ ಹತ್ತು ದಿನ ಸುಮ್ಮನಿದ್ದು ಈಗ ಏಕೆ ಬಂದಿರಿ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಕಲ್ಲಿನದೊಂದು, ಚಕ್ರದ್ದೊಂದು ಫೋಟೋ ತೆಗೆದಿದ್ದರೆ ಸಾಕಿತ್ತು.

ಅಲೈನ್‌ಮೆಂಟ್ ಕೇಂದ್ರದವರಲ್ಲಿ ನನ್ನದೊಂದು ವಿನಂತಿ: ಕೇಳದಿದ್ದರೂ ಮೊದಲಿನದು, ನಂತರದ್ದು ಎರಡೂ ಅಳತೆ ಪ್ರಿಂಟ್ ಮಾಡಿ ಕೊಡಿ. ಕೆಂಪು ಉಳಿದಿದ್ದರೆ ಏಕೆ ಉಳಿಯಿತೆಂದು ಬಾಯಿಬಿಟ್ಟು ಹೇಳಿ.

ಇನ್ನು ರಸ್ತೆ ನೋಡಿಕೊಳ್ಳುವವರಿಗೆ. ಮಳೆ ಹಿಡಿದಿದೆ, ಈಗ ಬಣ್ಣ ಬಳಿದರೆ ನಿಲ್ಲದು, ಒಪ್ಪುತ್ತೇನೆ. ಆದರೆ ಕವಲಿನ ಕಲ್ಲಿನ ಮೂತಿಗೆ ಬೆಳಕು ಪ್ರತಿಫಲಿಸುವ ಫಲಕವೊಂದನ್ನು ಬೋಲ್ಟ್ ಹಾಕಿ ನಿಲ್ಲಿಸಲು ಬಿಸಿಲೇನೂ ಬೇಕಿಲ್ಲ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ನಮ್ಮ ಟೈರಿನ ಕಪ್ಪು ಗುರುತಿನ ಪಕ್ಕದಲ್ಲಿ ಇನ್ನೆರಡು ಹೊಸ ಗುರುತುಗಳಿದ್ದವು. ಬುಡದಲ್ಲಿ ಒಡೆದ ವೀಲ್ ಕ್ಯಾಪ್ ಒಂದು ಬಿದ್ದಿತ್ತು. ನಮ್ಮದಲ್ಲ.

– ನಿವೃತ್ತ ಶಿಕ್ಷಕಿ, ಸುರತ್ಕಲ್