ಬಾಗಿಲ ಹಿಂದೆ ನಿಂತವನು

ತಮ್ಮಾ,

ನಿನ್ನ ಕತೆ ಎರಡು ಸಲ ಓದಿದೆ. ಕಾಗುಣಿತ, ಪ್ಯಾರಾ, ಯಾವ ಪತ್ರಿಕೆಗೆ ಕಳಿಸಬೇಕು, ಇದೆಲ್ಲ ನನ್ನನ್ನು ಕೇಳಬೇಡ. ಅದಕ್ಕೆ ಬೇರೆಯವರಿದ್ದಾರೆ. ಕೊನೆಯಲ್ಲಿ 'ಇನ್ನು ಬರೆಯೋದೇ ಬೇಡ ಅನ್ನಿಸ್ತಿದೆ' ಅಂದಿದ್ದೀಯಲ್ಲ, ಅದಕ್ಕೇ ಈ ಕಾಗದ.

ನಿನ್ನ ಕತೆಯಲ್ಲಿ ಗುಮಾಸ್ತ ಒಬ್ಬನೇ ಒಳ್ಳೆಯವನು. ಉಳಿದ ಊರೆಲ್ಲ ಹೇಡಿಗಳು. 'ಹೈ ನೂನ್' ಅನ್ನೋ ಹಳೇ ಹಾಲಿವುಡ್ ಸಿನಿಮಾ ನೋಡಿ ಹೊಳೆಯಿತು ಅಂತ ಬೇರೆ ಬರೆದಿದ್ದೀಯ. ನೀನು ಅದರ ಹೀರೋ ಗ್ಯಾರಿ ಕೂಪರ್‌ನನ್ನು ಮಾತ್ರ ನೋಡಿದ್ದೀಯ ಮಾರಾಯ! ಇನ್ನೊಂದು ಸಲ ನೋಡು. 85 ನಿಮಿಷ ಅಷ್ಟೇ.

ಕೂಪರ್ ಅದರಲ್ಲಿ ಕೇನ್, ಊರಿನ ಮಾರ್ಷಲ್, ಅಂದರೆ ಪೊಲೀಸ್ ಅಧಿಕಾರಿ. ಅವನು ಹಿಡಿದು ಜೈಲಿಗೆ ಕಳಿಸಿದ್ದ ಪಾತಕಿ ಫ್ರಾಂಕ್ ಮಿಲ್ಲರ್ ಸೇಡು ತೀರಿಸಿಕೊಳ್ಳಲು ಮಧ್ಯಾಹ್ನ 12ರ ರೈಲಿಗೆ ಬರುತ್ತಿದ್ದಾನೆ. ಕೇನ್ ಸಹಾಯ ಕೇಳಿದಾಗ ಆ ಊರು ಹ್ಯಾಡ್ಲಿವಿಲ್‌ನಲ್ಲಿ ಯಾರಾದರೂ ಸುಮ್ನೆ 'ಆಗಲ್ಲ' ಅನ್ನುತ್ತಾರಾ? ಮಿಲ್ಲರ್‌ಗೆ ಶಿಕ್ಷೆ ಕೊಟ್ಟ ಜಡ್ಜ್ ಕಾನೂನು ಪುಸ್ತಕ ಕಟ್ಟಿಕೊಂಡು ಕುದುರೆ ಹತ್ತುತ್ತಾನೆ. ಹಳೇ ಮಾರ್ಷಲ್‌ಗೆ ಬೆರಳುಗಳ ಕೀಲುನೋವು. ಜೊತೆಗೆ ನಿಲ್ಲುತ್ತೇನೆ ಅಂದಿದ್ದ ಹರ್ಬ್‌ಗೆ, ಬೇರೆ ಯಾರೂ ಇಲ್ಲ ಅಂತ ಗೊತ್ತಾದ ಕೂಡಲೇ ಹೆಂಡತಿ ಮಕ್ಕಳ ನೆನಪಾಗುತ್ತದೆ. ಚರ್ಚಿನಲ್ಲಿ ಜೋನಸ್ ಹೆಂಡರ್ಸನ್ ಎದ್ದು ಮಾರ್ಷಲ್ ಕೇನ್‌ನನ್ನು ಬಾಯ್ತುಂಬ ಹೊಗಳುತ್ತಾನೆ. ಹೊಗಳಿ, ಇಲ್ಲಿ ಗುಂಡು ಹಾರಿದರೆ ಉತ್ತರದವರು ಬಂಡವಾಳ ಹಾಕೋದಿಲ್ಲ, ನೀನು ಹೊರಟುಬಿಡು ಅನ್ನುತ್ತಾನೆ. ಎಷ್ಟು ನಯ! ಮೊದಲ ಸಲ ಕೇಳಿದಾಗ ನಾನೂ ತಲೆಯಾಡಿಸಿದ್ದೆ.

ಇದನ್ನು ಬರೆದ ಕಾರ್ಲ್ ಫೋರ್‌ಮನ್‌ನನ್ನು, 1951ರಲ್ಲಿ ಚಿತ್ರ ತಯಾರಾಗುತ್ತಿದ್ದಾಗಲೇ, ಅಮೆರಿಕದ ಸಂಸತ್ತಿನ ಸಮಿತಿಯೊಂದು ಕರೆಸಿತು. ಕಮ್ಯುನಿಸ್ಟರ ಹೆಸರು ಹೇಳು ಅಂತ. ಹೇಳಲಿಲ್ಲ. ಹಾಲಿವುಡ್ಡಿನ ಬಾಗಿಲು ಮುಚ್ಚಿತು, ಇಂಗ್ಲೆಂಡಿಗೆ ಹೋದ. ಅಂಥವನು ಹಿಂದೆ ಸರಿಯುವವರ ಬಾಯಿಗೂ ಗಟ್ಟಿ ವಾದ ಕೊಟ್ಟ. ನಾನಾಗಿದ್ದರೆ ಕೊಡುತ್ತಿರಲಿಲ್ಲ. ಕೊಟ್ಟೂ ಇಲ್ಲ.

ಆ ಊರಲ್ಲಿ ಸ್ಯಾಮ್ ಅಂತ ಒಬ್ಬ. ಕೇನ್ ಬರುವುದು ಕಂಡು, ಮನೇಲಿಲ್ಲ ಅನ್ನು ಅಂತ ಹೆಂಡತಿಯನ್ನು ಬಾಗಿಲಿಗೆ ಕಳಿಸುತ್ತಾನೆ. ನಾನೇ ಅವನು. ಮೂವತ್ತು ವರ್ಷದ ಹಿಂದೆ ಗೆಳೆಯನೊಬ್ಬನನ್ನು ಕೆಲಸದಿಂದ ತೆಗೆದರು. ಮನವಿಗೆ ಸಹಿ ಕೇಳಲು ಬಂದ. ನಾನು ಒಳಗಿದ್ದೆ. ಆಮೇಲೆ ಅದನ್ನೇ ಕತೆ ಮಾಡಿದೆ. ಬಾಗಿಲ ಹಿಂದೆ ನಿಂತವನನ್ನು ಹುಳ ಮಾಡಿ ಬರೆದೆ. ಎಂಥ ಪ್ರಾಮಾಣಿಕತೆ ಅಂದರು. ಹಾಳು ಹೊಗಳಿಕೆ! ಅದು ಸುಳ್ಳು ಕತೆ. ಆ ತಿಂಗಳು ಮನೆ ಸಾಲದ ಮೊದಲ ಕಂತು ಕಟ್ಟಿದ್ದೆ. ಮಗಳಿಗೆ ಟೈಫಾಯ್ಡ್. ಅದ್ಯಾವುದನ್ನೂ ಬರೆಯಲಿಲ್ಲ. ಬರೆದಿದ್ದರೆ ಓದಿದವರೂ ಬಾಗಿಲ ಹಿಂದೆ ನನ್ನ ಪಕ್ಕ ಬಂದು ನಿಲ್ಲಬೇಕಾಗುತ್ತಿತ್ತು. ಹುಳ ಮಾಡಿದ್ದಕ್ಕೆ ಎಲ್ಲರೂ ಹಾಯಾಗಿ ಹೊರಗೇ ಉಳಿದರು.

ನಿನ್ನ ಕಿರಾಣಿ ಅಂಗಡಿಯವನು ಯಾಕೆ ಸಾಕ್ಷಿ ಹೇಳಲಿಲ್ಲ? 'ಹೇಡಿ' ಅಂತ ಬರೆದು ಕೈತೊಳೆದುಕೊಂಡಿದ್ದೀಯ. ಗುಮಾಸ್ತ ಸ್ವಲ್ಪ ಕಾಯಲಿ. ಮೊದಲು ಅವನನ್ನು ಬರೆದು ಕಳಿಸು.

ಅಂದ ಹಾಗೆ, ನನ್ನ ಕತೆಯಲ್ಲಿ ಹೆಂಡತಿಯೇ ಇರಲಿಲ್ಲ. ಆವತ್ತು ಬಾಗಿಲಲ್ಲಿ ನಿಂತು ಸುಳ್ಳು ಹೇಳಿದವಳು ಅವಳು. ಗೆಳೆಯ ಹೋದ ಮೇಲೆ ಒಳಗೆ ಬಂದು, 'ಪಾಪ, ಕಾಫಿನೂ ಕುಡೀದೆ ಹೋದ್ರು' ಅಂದಳು.

ಇಂತಿ,
ನಿನ್ನ ಹಳೇ ಮೇಷ್ಟ್ರು