ನಮ್ಮ ಹುಡುಗನ ಜೊತೆ ನಿಂತವರಿಗೆ

ನಮ್ಮಣ್ಣನ ಮಗ ಎಸ್ಸೆಸ್ಸೆಲ್ಸಿ ಪಾಸಾದ. ಬಾಲ ನ್ಯಾಯ ಮಂಡಳಿಯವರು ಅದಕ್ಕೂ ಮೊದಲೇ ಬುದ್ಧಿ ಹೇಳಿ ಅವನ ಕೇಸು ಮುಗಿಸಿದ್ದರು. ಎರಡೂ ಆಗಲಿ, ಆಮೇಲೆ ಬರೆಯೋಣ ಅಂತ ಕಾದಿದ್ದೆ. ಹೆಸರು, ಊರು ಹಾಕುವುದಿಲ್ಲ. ಇಂಥ ಮಕ್ಕಳ ಗುರುತು ಹೊರಗೆ ಬಿಡಬಾರದು ಅಂತ 2015ರ ಬಾಲ ನ್ಯಾಯ ಕಾಯ್ದೆಯೇ ಹೇಳುತ್ತದೆ. ತೀರ್ಥಹಳ್ಳಿ ಕಡೆ ಅಂದುಕೊಳ್ಳಿ, ಸಾಕು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ರಾತ್ರಿ ಚೀಲಕ್ಕೆ ತುಂಬಿ ಸಾಗಿಸಿದವರ ಗುಂಪಿನಲ್ಲಿ ಇವನೂ ಇದ್ದ. ಉಳಿದವರೆಲ್ಲ ಇವನಿಗಿಂತ ದೊಡ್ಡವರು.

ಪ್ರೊಬೇಷನ್ ಆಫೀಸರ್ ಮೇಡಂ, ಮೊದಲು ನಿಮಗೆ. ಮಂಡಳಿಗೆ ವರದಿ ಕೊಡಬೇಕು ಅಂತ ಮನೆಗೆ ಬಂದಿರಿ. ಜಗಲಿ ಮೇಲೆ ಕೂತು ಕೇಳಿದ್ದರಲ್ಲಿ ಅಡಿಕೆ ವಿಷಯ ಕಮ್ಮಿ. ಅಪ್ಪ ಯಾವಾಗ ತೀರಿಕೊಂಡರು, ರಾತ್ರಿ ಯಾರ ಜೊತೆ ಊಟ ಮಾಡುತ್ತಾನೆ, ಶಾಲೆ ತಪ್ಪಿಸಲು ಶುರು ಮಾಡಿದ್ದು ಯಾವಾಗ, ಇವೇ ಜಾಸ್ತಿ. ನಿಮ್ಮ ಪ್ರಶ್ನೆಗಳ ಹಿಂದೆ ಹೋದಾಗ ನಮಗೂ ಒಂದೊಂದೇ ಕಾಣತೊಡಗಿತು. ಅಪ್ಪ ಹೋದ. ಅಮ್ಮ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋದರು. ಇವನು ನಮ್ಮ ಮನೆಗೆ ಬಂದ, ಶಾಲೆ ಬದಲಾಯಿತು. ಲೆಕ್ಕದಲ್ಲಿ ಹಿಂದೆ ಬಿದ್ದ, ಕೊನೆ ಬೆಂಚಿಗೆ ಹೋದ. ಅಷ್ಟರಲ್ಲಿ ದೊಡ್ಡ ಹುಡುಗರು ಬೈಕ್ ಕೀ ಕೈಗಿಟ್ಟರು. ಕ್ಲಾಸಿನಲ್ಲಿ ಯಾರಿಗೂ ಬೇಡವಾದವನು ಅಲ್ಲಿ ಬೇಕಾದವನಾದ. ಇದರಲ್ಲಿ ಒಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಎಲ್ಲ ಒಂದೇ ವರ್ಷದಲ್ಲಿ ಬಂತು. ಬಂದವರೆಲ್ಲ ‘ಮೊಬೈಲಿಂದಲೇ ಹಾಳಾದ’ ಅಂತಿದ್ದರು. ಸುಮ್ನೆ ಹೇಳುವ ಮಾತದು. ಆಗ ಅವನ ಹತ್ತಿರ ಮೊಬೈಲೇ ಇರಲಿಲ್ಲ!

ಶಿವಮೊಗ್ಗದ ಆಪ್ತಸಮಾಲೋಚಕರಿಗೆ ಎಷ್ಟು ಹೇಳಿದರೂ ಕಮ್ಮಿಯೇ. ಅಪ್ಪ ಹೋದಾಗ ಇವನು ಅಳಲಿಲ್ಲ. ನೆಂಟರೆಲ್ಲ ‘ಗಟ್ಟಿ ಹುಡುಗ’ ಅಂದರು. ಈ ವಯಸ್ಸಿನವರಲ್ಲಿ ದುಃಖ ಎಷ್ಟೋ ಸಲ ಸಿಟ್ಟಾಗಿ, ಮೌನವಾಗಿ ಹೊರಗೆ ಬರುತ್ತದೆ ಅಂತ ಬಿಡಿಸಿ ಹೇಳಿದವರು ನೀವು. ಮುಂದಾಲೋಚನೆ ನೋಡಿಕೊಳ್ಳುವ ಮೆದುಳಿನ ಭಾಗ ಬಲಿಯಲು ಇಪ್ಪತ್ತೈದರ ಹತ್ತಿರವಾಗುತ್ತದಂತೆ. ಅಲ್ಲಿಯವರೆಗೆ ಗೆಳೆಯರು ನೋಡುತ್ತಿದ್ದಾರೆ ಅಂದರೆ ಸಾಕು, ಧೈರ್ಯ ಮಿತಿಮೀರುತ್ತದೆ. ‘ಒಬ್ಬನೇ ಆಗಿದ್ದರೆ ಹೋಗ್ತಿದ್ಯಾ?’ ಅಂತ ನೀವು ಕೇಳಿದಾಗ ಅವನು ‘ಒಬ್ಬನೇ ಯಾಕೆ ಹೋಗ್ಲಿ?’ ಅಂದ. ನನಗಂತೂ ಆ ಉತ್ತರದಲ್ಲೇ ಅರ್ಧ ಕೇಸು ತಿಳಿಯಿತು.

ಟೆರ್ರಿ ಮಾಫಿಟ್ ಎಂಬ ಮನಶ್ಶಾಸ್ತ್ರಜ್ಞೆ 1993ರಲ್ಲಿ ಬರೆದದ್ದನ್ನೂ ನೀವೇ ಹೇಳಿದ್ದು. ಹದಿವಯಸ್ಸಿನಲ್ಲಿ ದಾರಿ ತಪ್ಪುವವರಲ್ಲಿ ಹೆಚ್ಚಿನವರು ದೊಡ್ಡವರಾಗುತ್ತ ತಾವೇ ಬಿಡುತ್ತಾರೆ. ಆದರೆ ಅಷ್ಟರೊಳಗೆ ಓದು ನಿಂತರೆ, ಕೆಟ್ಟ ಹೆಸರು ಅಂಟಿಕೊಂಡರೆ ವಾಪಸ್ ಬರುವುದು ಕಷ್ಟ. ಓದಿದ್ದ ಶಾಲೆಯವರು ಟೀಸಿ ತಗೊಂಡು ಹೋಗಿ ಅಂದಾಗ ನಾನು ಹೆದರಿದ್ದು ಇದಕ್ಕೇ. ಸೇರಿಸಿಕೊಂಡ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರೇ, ಕಬಡ್ಡಿಗೆ ಹಾಕಿಕೊಂಡ ಪೀಟಿ ಮೇಷ್ಟ್ರೇ, ಸಂಜೆ ಲೆಕ್ಕ ಹೇಳಿಕೊಟ್ಟ ಮಿಸ್ಸೇ, ನಿಮ್ಮ ಋಣ ದೊಡ್ಡದು.

ಇನ್ನು ತೋಟದ ಯಜಮಾನರು. ನಷ್ಟವಾಗಿದ್ದು ನಿಮಗೆ. ಅಂಗಡಿ ಕಟ್ಟೆಯಲ್ಲಿ ಯಾರೋ ಇವನನ್ನು ‘ಅಡಿಕೆ ಕಳ್ಳ’ ಅಂದಾಗ ನೀವೇ ಎದ್ದು, ‘ಅಡಿಕೆ ಹೋಗಿದ್ದು ನಂದು. ನಾನೇ ಅನ್ನಲ್ಲ, ನೀನ್ಯಾರಯ್ಯ ಅನ್ನೋಕೆ?’ ಅಂದಿರಂತೆ. ಆಮೇಲೆ ಊರಲ್ಲಿ ಆ ಮಾತು ನನ್ನ ಕಿವಿಗೆ ಬಿದ್ದಿಲ್ಲ.

ಅತ್ತಿಗೆ, ಪ್ರತಿ ವಾಯಿದೆಗೂ ಸಂಬಳ ಕಟ್ ಮಾಡಿಸಿಕೊಂಡು ರಾತ್ರಿ ಬಸ್ಸಿಗೆ ಬಂದವಳು ನೀನು. ನಿನಗೆ ಥ್ಯಾಂಕ್ಸ್ ಹೇಳಿದರೆ ಬೈತೀಯ, ಹೇಳಲ್ಲ.

ಐಟಿಐ ಎಲೆಕ್ಟ್ರಿಷಿಯನ್‌ಗೆ ಅರ್ಜಿ ಹಾಕಿದ್ದಾನೆ. ಈ ಕೇಸಿನಿಂದ ಮುಂದೆ ಓದಿಗೆ, ಕೆಲಸಕ್ಕೆ ಅಡ್ಡಿಯಾಗದ ಹಾಗೆ ಕಾಯ್ದೆಯಲ್ಲೇ ಇದೆ, ಆ ಚಿಂತೆ ಇಲ್ಲ. ಹಾಸ್ಟೆಲ್ ಸಿಗುವುದೇ ಡೌಟು. ನಮ್ಮನ್ನು ಬಲ್ಲವರು ಯಾರಾದರೂ ಶಿವಮೊಗ್ಗದಲ್ಲಿ ಕಡಿಮೆ ಬಾಡಿಗೆಯ ರೂಮು ಇದ್ದರೆ ಫೋನ್ ಮಾಡಿ.